ಎತ್ತರಿಸಿದ ಮನೆ: ಯಾವ ತಳಪಾಯ ಅಗ್ಗ?

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ಮಿಸಿಸಿಪಿ ಕರಾವಳಿಗೆ ಅಪ್ಪಳಿಸಿದಾಗ ಪಾಸ್ ಕ್ರಿಶ್ಚಿಯನ್ ಪಟ್ಟಣದಲ್ಲಿ ಕಡಲು ಸುಮಾರು 8.5 ಮೀಟರ್ ಏರಿತ್ತು. ನೀರು ಇಳಿದ ಮೇಲೆ ಅನೇಕ ಕಡೆ ಉಳಿದದ್ದು ಬರಿಯ ನೆಲಗಟ್ಟು, ಇಲ್ಲವೇ ಮನೆಯಿಲ್ಲದ ಕಂಬಗಳು. ಮರುವರ್ಷ ಅಲ್ಲಿನ ತುರ್ತು ನಿರ್ವಹಣಾ ಸಂಸ್ಥೆಯಾದ ಫೆಮಾ, ಕರಾವಳಿ ಮನೆಗಳ ತಳಪಾಯಕ್ಕೆಂದೇ 550 ಸಂಖ್ಯೆಯ ಕೈಪಿಡಿಯನ್ನು ಹೊರತಂದಿತು. 2009ರಲ್ಲಿ ಅದನ್ನು ಪರಿಷ್ಕರಿಸಿತು. ನೆಲಕ್ಕೆ ಹೊಡೆದಿಳಿಸಿದ ಮರದ ಕಂಬಗಳು, ಕಾಂಕ್ರೀಟ್ ಕಂಬ-ತೊಲೆ, ಬ್ಲಾಕಿನ ಕಂಬ, ಸುತ್ತುಗೋಡೆ ಮುಂತಾದವುಗಳ ಸಿದ್ಧ ವಿನ್ಯಾಸಗಳು ಇದರಲ್ಲಿವೆ.

ಈ ಕೈಪಿಡಿಯ ದೊಡ್ಡ ಗುಣವೆಂದರೆ, ಬೆಲೆಗಿಂತ ಮೊದಲು ಮನೆ ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದು. ಪ್ರವಾಹದಲ್ಲಿ 0.9 ಮೀಟರ್ ಅಥವಾ ಅದಕ್ಕೂ ಎತ್ತರದ ಅಲೆ ಬರುವ 'ವಿ' ವಲಯದಲ್ಲಿ ಮಣ್ಣು ತುಂಬಿಸಿ ಅಥವಾ ಗಟ್ಟಿಗೋಡೆಯ ಮೇಲೆ ಮನೆ ನಿಲ್ಲಿಸಲು ಅಲ್ಲಿನ ನಿಯಮ ಒಪ್ಪುವುದಿಲ್ಲ. ಹಾಗಿರುವಾಗ ಅವುಗಳ ಬೆಲೆ ವಿಚಾರಿಸಿ ಫಲವೇನು? ಚದರಡಿಗೆ ಇಷ್ಟು ಎಂದು ಎಲ್ಲ ತಳಪಾಯಗಳನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುವವರು ಈ ಮೊದಲ ಹೆಜ್ಜೆಯನ್ನೇ ಬಿಟ್ಟಿರುತ್ತಾರೆ. ನನ್ನ ಆಕ್ಷೇಪ ಅಂಥ ಪಟ್ಟಿಗಳ ಬಗ್ಗೆ.

12 ಮೀಟರ್ ಉದ್ದ, 8 ಮೀಟರ್ ಅಗಲದ ಮನೆಯೊಂದನ್ನು ಊಹಿಸಿಕೊಳ್ಳಿ. ಸುತ್ತುಗೋಡೆಯ ಉದ್ದ 40 ಮೀಟರ್. ಮನೆಯನ್ನು ಇನ್ನೊಂದು ಮೀಟರ್ ಎತ್ತರಿಸಬೇಕಾದರೆ 40 ಚದರ ಮೀಟರ್ ಗೋಡೆ ಹೆಚ್ಚು ಕಟ್ಟಬೇಕು. 20 ಕಂಬಗಳ ಮೇಲೆ ನಿಂತಿದ್ದರೆ ಹೆಚ್ಚುವುದು ಒಟ್ಟು 20 ಮೀಟರ್ ಕಂಬ. ಆದರೆ ಕಂಬ ಹೊಡೆಯುವ ಯಂತ್ರವನ್ನು ತರಿಸುವ ಖರ್ಚು ಮನೆ ಒಂದಿರಲಿ, ಹತ್ತಿರಲಿ, ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ಗಿಡ್ಡ ಮನೆಗೆ ಗೋಡೆ ಅಗ್ಗ. ಎತ್ತರ ಹೆಚ್ಚಿದಂತೆ ಎರಡು ವೆಚ್ಚರೇಖೆಗಳು ಎಲ್ಲೋ ಒಂದೆಡೆ ಪರಸ್ಪರ ದಾಟುತ್ತವೆ. ಕಂಬದ ವೆಚ್ಚವೂ ನೇರ ಅನುಪಾತದಲ್ಲಿ ಏರುವುದಿಲ್ಲ: ಎತ್ತರ ಹೆಚ್ಚಿದರೆ ಬುಡದಲ್ಲಿ ಬಾಗಿಸುವ ಬಲದ ಪರಿಣಾಮವೂ ಹೆಚ್ಚುವುದರಿಂದ ಕಂಬ ದಪ್ಪವಾಗಬೇಕು. ಪಟ್ಟಿಯ ಒಂದೇ ಅಂಕಿ ಇದನ್ನೆಲ್ಲ ಹೇಗೆ ಹೇಳೀತು?

ನೀರಿನ ತಳ್ಳುಬಲ ಅದರ ವೇಗದ ವರ್ಗಕ್ಕೂ ಎದುರೊಡ್ಡಿದ ವಿಸ್ತೀರ್ಣಕ್ಕೂ ಅನುಪಾತದಲ್ಲಿರುತ್ತದೆ. ಕಡಲಿಗೆ ಮುಖಮಾಡಿದ ಗೋಡೆ 12 ಮೀಟರ್ ಅಗಲವನ್ನು ಒಡ್ಡಿದರೆ, 30 ಸೆಂಟಿಮೀಟರ್ ದಪ್ಪದ 20 ಕಂಬಗಳು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ, 6 ಮೀಟರ್ ಒಡ್ಡುತ್ತವೆ. ಇನ್ನು ಬುಡದ ಮರಳನ್ನು ನೀರು ಕೊರೆದೊಯ್ದರೆ ಆಳವಿಲ್ಲದ ತಳಪಾಯ ಎಷ್ಟು ಗಟ್ಟಿಯಾಗಿದ್ದರೂ ವಾಲುತ್ತದೆ. ಮರಳಿನೊಳಗೆ ಹುದುಗಿದ ಕಂಬದ ಉದ್ದಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುವುದಿಲ್ಲ; ಉಳಿತಾಯದ ಕತ್ತರಿ ಬೀಳುವುದು ಮೊದಲು ಅದರ ಮೇಲೆಯೇ!

'ನೂರು ವರ್ಷಕ್ಕೊಮ್ಮೆಯ ಪ್ರವಾಹ' ಎಂಬ ಮಾತೂ ದಾರಿ ತಪ್ಪಿಸುತ್ತದೆ. ಅದರ ಅರ್ಥ ಪ್ರತಿ ವರ್ಷವೂ ಶೇಕಡ 1ರ ಸಂಭವ. 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ 1ರಿಂದ 0.99ರ 30ನೆಯ ಘಾತವನ್ನು ಕಳೆದಷ್ಟು, ಅಂದರೆ ಸುಮಾರು ಶೇಕಡ 26. ಮನೆಯ ಬೆಲೆ 100, ಆ ಪ್ರವಾಹಕ್ಕೆ ಬೀಳುವ ತಳಪಾಯ 10, ನಿಲ್ಲುವ ತಳಪಾಯ 16 ಎಂದಿಟ್ಟುಕೊಳ್ಳೋಣ. ನಿರೀಕ್ಷಿತ ನಷ್ಟ ಸೇರಿಸಿದರೆ 'ಅಗ್ಗದ' ತಳಪಾಯದ ಬೆಲೆ 36 ಆಗುತ್ತದೆ. ಮುಂದಿನ ನಷ್ಟಕ್ಕೆ ಶೇಕಡ 5ರ ಬಡ್ಡಿ ಕಳೆದರೂ ಅದು 24ರ ಆಸುಪಾಸಿನಲ್ಲಿದೆ. ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕವಿದು. ಅಮೆರಿಕದ ಪ್ರವಾಹ ವಿಮೆಯಲ್ಲೂ 2021ರಿಂದ ಜಾರಿಗೆ ಬಂದ ಹೊಸ ಪದ್ಧತಿ ತಳಪಾಯದ ಬಗೆಯನ್ನೂ ಮೊದಲ ಅಂತಸ್ತಿನ ಎತ್ತರವನ್ನೂ ಕಂತಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

ಕೈಪಿಡಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಅಳತೆಗಳು ಅಡಿ-ಪೌಂಡುಗಳಲ್ಲಿರುವುದು ನಮ್ಮ ವಿದ್ಯಾರ್ಥಿಗಳಿಗೆ ಕಿರಿಕಿರಿ. ದರಗಳು ಹಳೆಯವು, ಸಾಮಗ್ರಿಯ ಪ್ರಮಾಣವನ್ನಷ್ಟೇ ಹಿಡಿದು ಇಂದಿನ ದರ ಹಾಕಿಕೊಳ್ಳಬೇಕು. ಆದರೆ ತಳಪಾಯದ ಬಲವನ್ನೂ ನೆಲದ ಎತ್ತರವನ್ನೂ ಅದು ಬೇರ್ಪಡಿಸದಿರುವುದು ಸರಿಯಾಗಿದೆ. ಕತ್ರಿನಾದಲ್ಲಿ ಗಟ್ಟಿ ಕಂಬಗಳು ನೆಟ್ಟಗೆ ನಿಂತಿದ್ದರೂ, ನೆಲದ ತೊಲೆಗಳು ಅಲೆಗಿಂತ ಕೆಳಗಿದ್ದ ಮನೆಗಳು ಕೊಚ್ಚಿಹೋದವು. ಅಂಥ ಮನೆಗಳ ಪಾಲಿಗೆ ತಳಪಾಯಕ್ಕೆ ಹಾಕಿದ ಹಣವೆಲ್ಲ ಮೇಲಿನ ಒಂದೆರಡು ಮೀಟರ್ ಕೊರತೆಯಿಂದ ನೀರುಪಾಲಾಯಿತು.