ಮಗನನ್ನು ಕೇಳುವ ದೇವರು

ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲದ ಕಡೆ ಹಳೆಯದೊಂದು ಹರಕೆಯಿದೆ. ಮಕ್ಕಳಾಗದಿದ್ದರೆ, ಆದ ಮಕ್ಕಳು ಉಳಿಯದಿದ್ದರೆ, ಹುಟ್ಟುವ ಗಂಡುಮಗನನ್ನು ನಿನಗೇ ಬಿಡುತ್ತೇವೆಂದು ಮಲೆ ಮಾದೇಶ್ವರನೆಂಬ ಮಾದಪ್ಪನಿಗೋ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಗೋ ಹೇಳಿಕೊಳ್ಳುವುದು. ಮಾದಪ್ಪನಿಗೆ ಬಿಟ್ಟವನು ದೇವರಗುಡ್ಡ. ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಗೆ ಕಂಸಾಳೆ. ಮಂಟೇಸ್ವಾಮಿ ಒಕ್ಕಲಿಗೆ ಬಿಟ್ಟವನು ನೀಲಗಾರ. ಅವನ ಪಾಲಿಗೆ ತಂಬೂರಿ, ಗಗ್ಗರ. ಇಬ್ಬರೂ ಸಂಸಾರ ಮಾಡಬಹುದು, ಹೊಲ ಉಳಬಹುದು. ಆದರೆ ಭಿಕ್ಷೆ ಬೇಡುವುದು, ಕಥೆ ಹಾಡುವುದು ತಪ್ಪುವಂತಿಲ್ಲ.

ಮಗನನ್ನು ಕೇಳುವ ದೇವರು ಇಲ್ಲಿಯವನು ಮಾತ್ರ ಅಲ್ಲ. ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮ ನೂರನೆಯ ವರ್ಷದಲ್ಲಿ ಪಡೆದ ಇಸಾಕನನ್ನು ದೇವರು ಬಲಿ ಕೇಳುತ್ತಾನೆ. ಅಬ್ರಹಾಮ ಮರುಮಾತಿಲ್ಲದೆ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಬಿಗಿಯುತ್ತಾನೆ. ಕಡೇ ಗಳಿಗೆಯಲ್ಲಿ ಮಗ ಉಳಿಯುತ್ತಾನೆ, ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಬಲಿಯಾಗುತ್ತದೆ. ಈ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ತಾಯಿ ಸಾರಳ ಒಂದು ಮಾತೂ ಇಲ್ಲ. ಮುಂದಿನ ಅಧ್ಯಾಯ ಶುರುವಾಗುವುದೇ ಅವಳ ಸಾವಿನಿಂದ. ಇಸಾಕನಾದರೂ ಬಾಯಿ ಬಿಡುವುದು ಬಲಿಯ ಕುರಿ ಎಲ್ಲಿ ಎಂದು ಕೇಳುವುದಕ್ಕೆ ಮಾತ್ರ. ಕಟ್ಟಿಸಿಕೊಂಡವನಿಗೆ ಏನನ್ನಿಸಿತು ಎಂಬುದನ್ನು ಆದಿಕಾಂಡ ಹೇಳುವುದೇ ಇಲ್ಲ.

ಚಾಮರಾಜನಗರ ಸೀಮೆಯ ಮಹಾಕಾವ್ಯಗಳಾದ ಮಂಟೇಸ್ವಾಮಿ, ಮಲೆ ಮಾದೇಶ್ವರ ಬೇರೆಯಾಗುವುದು ಇಲ್ಲಿಯೇ. ಇಲ್ಲಿ ಹರಕೆಗೆ ಬಿಟ್ಟ ಮಗನೇ ಹಾಡುಗಾರ. ಇಸಾಕನೇ ತಂಬೂರಿ ಹಿಡಿದು ಕೂತು, ತನ್ನಂಥವನನ್ನು ಕೇಳಲು ಬಂದ ಗುರುವಿನ ಕಥೆಯನ್ನು ಇರುಳೆಲ್ಲ ಹೇಳಿದ ಹಾಗೆ. ಒಂದರಿಂದ ಇನ್ನೊಂದು ಬಂತೆಂದು ವಾದಿಸಲು ಯಾವ ಆಧಾರವೂ ಇಲ್ಲ, ಬೇಕಾಗಿಯೂ ಇಲ್ಲ. ನಂಬಿಕೆ ಮನೆಯೊಳಗೆ ಕಾಲಿಟ್ಟಾಗ ಏಳುವ ಜಗಳವನ್ನು ಎರಡು ನಾಡುಗಳು ಹೇಗೆ ಹೇಳಿಕೊಂಡವು ಎಂದು ನೋಡಬಹುದು, ಅಷ್ಟೆ.

ಮಂಟೇಸ್ವಾಮಿ ಕಾವ್ಯವನ್ನೇ ತೆಗೆದುಕೊಂಡರೆ, ಧರೆಗೆ ದೊಡ್ಡವರು ಎನಿಸಿಕೊಂಡ ಗುರು ಮಂಟೇಸ್ವಾಮಿ ನಿಡುಗಟ್ಟದ ಕಮ್ಮಾರ ಬಸವಾಚಾರಿಯ ಮನೆಗೆ ಬಂದು ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ, ಅಂದರೆ ಶಿಷ್ಯನಾಗಿ, ಕೊಡಿ ಎನ್ನುತ್ತಾನೆ. ಅಪ್ಪನೂ ತಾಯಿ ಮುದ್ದಮ್ಮನೂ ಒಪ್ಪುವುದಿಲ್ಲ. ಒಪ್ಪದಿರುವುದು ಕಾವ್ಯದ ಕಣ್ಣಿಗೆ ಪಾಪವೂ ಅಲ್ಲ. ಹೆತ್ತವರು ಇನ್ನೇನು ತಾನೇ ಹೇಳಿಯಾರು! ಕೇಳುವ ಜನರ ಮನಸ್ಸು ಆ ಹೊತ್ತಿಗೆ ಗುರುವಿನ ಕಡೆಗಿಂತ ತಾಯಿಯ ಕಡೆಗೇ ವಾಲುತ್ತದೆ. ಕೊನೆಗೆ ಗೆಲ್ಲುವವನು ಗುರುವೇ. ಕೆಂಪಾಚಾರಿ ಸಿದ್ದಪ್ಪಾಜಿಯಾಗುತ್ತಾನೆ. ಆದರೂ ಜಗಳ ಮುಗಿಯುವುದಿಲ್ಲ. ಕಬ್ಬಿಣದ ಭಿಕ್ಷೆ ತಾ ಎಂದು ಗುರು ಅವನನ್ನು ಕಳಿಸುವುದು ಹಲಗೂರಿನ ಪಾಂಚಾಳರ ಬಳಿಗೆ, ಅಂದರೆ ಅವನ ಕುಲದವರ ಬಳಿಗೇ. ಹಲಗೂರಿನ ಸಾಲಿನಲ್ಲಿ, ಅಂದರೆ ಕಾವ್ಯದ ಆ ಭಾಗದಲ್ಲಿ, ಅವನನ್ನು ಕಾಡುವವರು ಹೊರಗಿನವರಲ್ಲ, ನೆಂಟರಿಷ್ಟರು. ಆದಿಕಾಂಡದಲ್ಲಿ ಇಪ್ಪತ್ತು ವರ್ಷ ಸೋದರಮಾವ ಲಾಬಾನನ ಮನೆಯಲ್ಲಿ ಸವೆದ ಯಾಕೋಬನ ಕಥೆಯಲ್ಲೂ, ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ ಯೋಸೇಫನ ಕಥೆಯಲ್ಲೂ ಇದೇ ಕಹಿಯಿದೆ. ದೇವರು ಆರಿಸಿಕೊಂಡವನನ್ನು ಮೊದಲು ಆಡಿಕೊಳ್ಳುವವರು ಸ್ವಂತ ಜನ.

ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ಇದಕ್ಕಿಂತ ಜಟಿಲ. ಬೇಟೆಗೆ, ಜೇನಿಗೆ ಕಾಡಿಗೆ ಹೊರಟ ಸೋಲಿಗರ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಹೆಂಡತಿಯಿಂದ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಮಕ್ಕಳಿಲ್ಲದ ಮನೆ, ಅನುಮಾನದ ಗಂಡ. ಚಿತ್ರಹಿಂಸೆ ಕೊಟ್ಟು, ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಮಾದೇಶ್ವರ ಜಂಗಮನ ವೇಷದಲ್ಲಿ ಬರುತ್ತಾನೆ, ಬಿಡಿಸುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಅವಳಿ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾದರೂ ಈ ಬೆನ್ನೆಲುಬು ಬದಲಾಗುವುದಿಲ್ಲ.

ಇಸಾಕನ ಹೆಂಡತಿ ರೆಬೆಕ್ಕಳಿಗೂ ಬಂಜೆತನದ ಇಪ್ಪತ್ತು ವರ್ಷದ ನಂತರ ಅವಳಿ ಮಕ್ಕಳೇ ಹುಟ್ಟಿದ್ದು. ಆದರೆ ಅಲ್ಲಿ ಪ್ರಾರ್ಥನೆ ಗಂಡನದು, ಜಗಳ ಮಕ್ಕಳದು. ಹೊಟ್ಟೆಯೊಳಗೇ ಗುದ್ದಾಡಿದ ಏಸಾವ, ಯಾಕೋಬರದು. ಸಂಕಮ್ಮನ ಸಾಲಿನಲ್ಲಿ ಮೊರೆಯೂ ಅವಳದೇ, ಜಗಳವೂ ಅವಳದೇ. ಅವಳ ನಂಬಿಕೆ ಗಂಡನ ಅಪ್ಪಣೆಗೆ ಕಾಯುವುದಿಲ್ಲ. ಆದಿಕಾಂಡದಲ್ಲಿ ಅವಳಿಗೆ ಹತ್ತಿರದವಳೆಂದರೆ, ರೊಟ್ಟಿ, ನೀರಿನ ತಿತ್ತಿಯೊಂದಿಗೆ ಮರುಭೂಮಿಗೆ ಅಟ್ಟಿಸಿಕೊಂಡ ದಾಸಿ ಹಾಗರಳು. ಅವಳಿಗೂ ದೇವರು ಕಂಡದ್ದು ಮನೆಯೊಳಗಲ್ಲ, ಮನೆ ಕೈಬಿಟ್ಟ ಮೇಲೆ.

ಇಷ್ಟು ಹೊಗಳಿದ ಮೇಲೆ ಕಾವ್ಯದ ದೋಷವನ್ನೂ ಹೇಳಬೇಕು. ಕಾಡಿನಿಂದ ಮರಳಿದ ನೀಲೇಗೌಡ ಬಸುರಿ ಹೆಂಡತಿಯನ್ನು ಕಂಡು ಮತ್ತೆ ಅನುಮಾನಿಸುತ್ತಾನೆ. ಸಂಕಮ್ಮ ಕಠಿಣ ಸತ್ಯಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಮೊದಲು ಭಾಷೆ ಕೊಡುವುದಿಲ್ಲವೆಂದು ನಿಂತವಳನ್ನು ಕಾವ್ಯವೇ ಈಗ ಸಾಬೀತು ಮಾಡು ಎಂದು ನಿಲ್ಲಿಸಿದಂತಾಯಿತು. ವರ ಕೊಟ್ಟ ದೇವರಿಗೆ ನಿಜ ಗೊತ್ತಿತ್ತು. ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಮಾದೇಶ್ವರನ ಮಹಿಮೆ ಹೆಚ್ಚಿಸಲು ಪರೀಕ್ಷೆ ಬೇಕಾಯಿತು ಎನ್ನುವವರಿದ್ದಾರೆ. ಮಹಿಮೆಯ ಬೆಲೆ ತೆತ್ತವಳು ಹೆಂಗಸು ಎಂಬುದು ಅದರಿಂದ ಅಳಿಸಿಹೋಗುವುದಿಲ್ಲ. ಸಾಂಪ್ರದಾಯಿಕವಾಗಿ ಹಾಡುತ್ತ ಬಂದವರೆಲ್ಲ ಗಂಡಸರು ಎಂಬುದನ್ನೂ ಇಲ್ಲಿ ನೆನೆಯಬೇಕು. ಬಿಟ್ಟುಕೊಟ್ಟ ಮಗನ ಸಂಕಟ ಅವರ ಸ್ವಂತದ್ದು, ಅದಕ್ಕೆ ದನಿ ತುಂಬಿದೆ. ಹೆಂಡತಿಯ ಸಂಕಟ ಅರ್ಧ ದಾರಿಯವರೆಗೆ ಮಾತ್ರ ಅವರದಾಯಿತು.

ಅದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ದೇವರಿಗೂ ಮನೆಗೂ ನಡುವಿನ ಈ ಗಂಟು ಎಷ್ಟು ಸಲೀಸಾಗಿ ಬಿಚ್ಚಿಕೊಂಡಿದೆ ನೋಡಿ. ಬೆಟ್ಟದ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬುದು ಕಥೆ. ಆದ್ದರಿಂದ ಸೋಲಿಗರಿಗೆ ಅವನು ಭಾವ. ದೇವರೇ ನೆಂಟನಾದರೆ ತಮಾಷೆ ಮಾಡುವ ಸಲಿಗೆಯೂ ಬರುತ್ತದೆ.

ಈ ಕಾವ್ಯಗಳು ಇಂದು ಬದುಕಿರುವ ಬಗೆಯ ಮೇಲೆ ದೊಡ್ಡ ತಕರಾರಿದೆ. ಪಿ.ಕೆ. ರಾಜಶೇಖರ ಅವರ 1973ರ ಸಂಗ್ರಹ, ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಹೆಬ್ಬಣಿ ಮಾದಯ್ಯ ಮತ್ತು ತಂಡದ ಹಾಡಿಕೆಯಿಂದ ಕೇಶವನ್ ಪ್ರಸಾದ್ ಸಿದ್ಧಪಡಿಸಿದ ಮಲೆ ಮಾದೇಶ್ವರ, ಹಿ.ಚಿ. ಬೋರಲಿಂಗಯ್ಯ ಅವರ ಮಂಟೇಸ್ವಾಮಿ ಇವೆಲ್ಲ ಸಾಲುಗಳನ್ನು ಅವುಗಳ ಉದ್ದದೊಂದಿಗೆ ಉಳಿಸಿಕೊಟ್ಟವು. ವೇದಿಕೆಯ ಮೇಲೆ ನಡೆದದ್ದು ಬೇರೆ. ಮೆರವಣಿಗೆಯಲ್ಲಿ, ಶಾಲೆ ವಾರ್ಷಿಕೋತ್ಸವದಲ್ಲಿ ಬೀಸು ಕಂಸಾಳೆಯ ಕಸರತ್ತು ಕಥೆಯನ್ನೇ ನುಂಗಿತು. ಹತ್ತು ನಿಮಿಷದ ಕುಣಿತದಲ್ಲಿ ಸಂಕಮ್ಮ ಭಾಷೆ ಕೊಡುವುದಿಲ್ಲ ಎನ್ನಲು ಜಾಗವೆಲ್ಲಿ? ಉಳಿಯುವುದು ಜೈಕಾರ ಮಾತ್ರ. ಜಗಳ ತೆಗೆದುಹಾಕಿದ ಭಕ್ತಿ ಈ ಕಾವ್ಯಗಳ ಭಕ್ತಿಯೇ ಅಲ್ಲ.

ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆಯಿದೆ. ಜನವರಿಯ ಹುಣ್ಣಿಮೆಗೆ ಅಲ್ಲಿ ಚಂದ್ರಮಂಡಲವೆಂಬ ಜ್ಯೋತಿ ಉರಿಸಿ ಜಾತ್ರೆ ಶುರುವಾಗುತ್ತದೆ, ಐದು ದಿನ ನಡೆಯುತ್ತದೆ, ನೀಲಗಾರರು ಸೇರುತ್ತಾರೆ. ಹೋದವರು ಚಂದ್ರಮಂಡಲ ನೋಡಿ ಆ ರಾತ್ರಿಯೇ ಬಸ್ಸು ಹತ್ತದೆ, ಒಬ್ಬ ಹಿರಿಯ ನೀಲಗಾರರ ಮುಂದೆ ಕೂತು ನಿಡುಗಟ್ಟದ ಕಥೆಯನ್ನು ಪೂರ್ತಿ ಹೇಳಿಸಿ ಕೇಳಲಿ.