ದೂರದರ್ಶನದ ಪವಾಡ ಮತ್ತು ರೇವತಿ ರಾಣಿಯ ದೃಷ್ಟಿ

2005ರ ಜನವರಿಯಲ್ಲಿ ಅಮೆರಿಕದ ದೂರದರ್ಶನ ಬೋಧಕ ಬೆನ್ನಿ ಹಿನ್ ಅವರು ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಮೂರು ದಿನಗಳ ಪ್ರಾರ್ಥನಾ ಸಭೆಯನ್ನು ನಡೆಸಿದರು. ಆಗ ನಮ್ಮ ರಾಜ್ಯದಲ್ಲಿ ಎದ್ದ ವಾದವಿವಾದವೆಲ್ಲ ಮತಾಂತರದ ಸುತ್ತಲೇ ಸುತ್ತಿತು. ಪರವಾಗಿ ನಿಂತವರು ಧರ್ಮಸ್ವಾತಂತ್ರ್ಯವನ್ನೂ, ವಿರೋಧಿಸಿದವರು ಮತಾಂತರದ ಭೀತಿಯನ್ನೂ ಮುಂದಿಟ್ಟರು. ಇಂಥ ವೇದಿಕೆಗಳ ಮೇಲೆ ರೋಗ ವಾಸಿಯಾಯಿತೆಂದು ಘೋಷಿಸಲ್ಪಡುವ ಮನುಷ್ಯ ಒಂದು ತಿಂಗಳ ತರುವಾಯ ಹೇಗಿರುತ್ತಾನೆ ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ದೊರೆತ ಸ್ಥಳ ಅತ್ಯಲ್ಪ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, ಪವಾಡಗಳ ಪರೀಕ್ಷೆಗೆ ಸಮಿತಿಯೊಂದನ್ನು ರಚಿಸಿದ ಡಾ. ಎಚ್. ನರಸಿಂಹಯ್ಯನವರು ಅದೇ ಜನವರಿ 31ರಂದು ನಿಧನರಾದರು. ಅಂಥ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬಲ್ಲ ದನಿ ಅಂದಿನಿಂದ ಇನ್ನೂ ಕ್ಷೀಣವಾಗಿದೆ.

ಜೈನ ಮನೆತನಗಳಿಗೆ ಇದು ಸಂಬಂಧಪಡದ ವಿಷಯವೆಂದು ಕೆಲವರು ಭಾವಿಸಬಹುದು. ಹಾಗಲ್ಲ. ಕೇಬಲ್ ತಂತಿ ಯಾವ ಮನೆಯ ಬಾಗಿಲಲ್ಲಿಯೂ ಮತ ಯಾವುದೆಂದು ಕೇಳಲಿಲ್ಲ. ಇಂದಿನ ಮೊಬೈಲ್ ದೂರವಾಣಿಯಂತೂ ಹಾಸಿಗೆಯವರೆಗೆ ಬಂದಿದೆ. ಔಷಧಿಗೆ ಬಗ್ಗದ ಬೇನೆ, ತೀರದ ಸಾಲ, ಕೂಡಿಬರದ ಕಂಕಣಭಾಗ್ಯ ಇವು ಶ್ರಾವಕರ ಮನೆಗಳಲ್ಲಿಯೂ ಉಂಟು. ನಿದ್ರೆ ಬಾರದ ರಾತ್ರಿಯಲ್ಲಿ ಪರದೆಯ ಮೇಲೆ ಒಬ್ಬನು ನೇರವಾಗಿ ಕಣ್ಣಿಟ್ಟು, 'ತಾಯೀ, ನಿನ್ನ ಕಣ್ಣೀರು ನನಗೆ ಕಾಣುತ್ತಿದೆ' ಎಂಬರ್ಥದ ಮಾತನಾಡಿದಾಗ ಕರಗದಿರುವುದು ಸುಲಭವಲ್ಲ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಈ ಲೇಖನದ ವಿಷಯ ಕ್ರೈಸ್ತ ಧರ್ಮವಲ್ಲ. ನಮ್ಮೊಡನೆ ನೆರೆಹೊರೆಯಾಗಿ ಬಾಳುತ್ತಿರುವ, ನಮ್ಮ ಮಕ್ಕಳಿಗೆ ಪಾಠ ಹೇಳಿದ, ನಮ್ಮ ರೋಗಿಗಳ ಶುಶ್ರೂಷೆ ಮಾಡಿದ ಕ್ರೈಸ್ತ ಬಂಧುಗಳು ಈ ಪರದೆಯ ವ್ಯಾಪಾರಕ್ಕೆ ಹೊಣೆಗಾರರಲ್ಲ. ದೇವಾಲಯದಿಂದ ವರ್ತಕರನ್ನು ಹೊರದೂಡಿದ ಏಸುಕ್ರಿಸ್ತನ ಪ್ರಸಂಗ ಅವರ ಸುವಾರ್ತೆಯಲ್ಲಿಯೇ ಇದೆ.

ಇನ್ನು ವಿಷಯಕ್ಕೆ ಬರೋಣ. ಈ ಬೋಧಕರ ಮನವೊಲಿಸುವ ವಿದ್ಯೆಯಲ್ಲಿ ಮೊದಲನೆಯದು ಸರ್ವಜ್ಞತ್ವದ ಭ್ರಾಂತಿಯನ್ನು ಹುಟ್ಟಿಸುವುದು. 'ಈಗ ನೋಡುತ್ತಿರುವವರಲ್ಲಿ ಒಬ್ಬರಿಗೆ ಬೆನ್ನು ನೋವಿದೆ, ಅದು ಈ ಕ್ಷಣದಲ್ಲಿ ಹೋಗುತ್ತಿದೆ' ಎಂದರೆ ಸಾಕು. ಲಕ್ಷಾಂತರ ಜನ ನೋಡುತ್ತಿರುವಾಗ ಬೆನ್ನು ನೋವಿನವರು ಸಾವಿರಾರು ಮಂದಿ ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರಿಗೆ ಅಂದು ನೋವು ತಗ್ಗುವುದೂ ಸಹಜ. ತಗ್ಗಿದವರು ಪತ್ರ ಬರೆಯುತ್ತಾರೆ, ತಗ್ಗದವರು ಸುಮ್ಮನಿರುತ್ತಾರೆ. ಮುಂದಿನ ವಾರ ಓದಲ್ಪಡುವುದು ಬಂದ ಪತ್ರಗಳು ಮಾತ್ರ. ಇದರಲ್ಲಿ ಸುಳ್ಳು ಹೇಳುವ ಅಗತ್ಯವೂ ಇಲ್ಲ. ಲೆಕ್ಕದ ಒಂದು ಬದಿಯನ್ನು ಮರೆಮಾಡಿದರಾಯಿತು.

ಕೆಲವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಪೀಟರ್ ಪೊಪೊಫ್ ಎಂಬ ಬೋಧಕನು ಸಭೆಯಲ್ಲಿ ಅಪರಿಚಿತರ ಹೆಸರು, ವಿಳಾಸ, ರೋಗಗಳನ್ನು ದೇವರೇ ತಿಳಿಸಿದನೆಂಬಂತೆ ಹೇಳುತ್ತಿದ್ದನು. 1986ರಲ್ಲಿ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ ತನ್ನ ಸಂಗಡಿಗರೊಡನೆ ರೇಡಿಯೋ ಗ್ರಾಹಕವನ್ನಿಟ್ಟುಕೊಂಡು ಪರಿಶೀಲಿಸಿದಾಗ ಸಿಕ್ಕಿದ್ದು ಪೊಪೊಫನ ಹೆಂಡತಿಯ ದನಿ. ಸಭೆಗೆ ಮೊದಲು ಜನರಿಂದ ಸಂಗ್ರಹಿಸಿದ ವಿವರಗಳನ್ನು ಆಕೆ ಓದಿ ಹೇಳುತ್ತಿದ್ದಳು, ಈತ ಕಿವಿಯೊಳಗಿನ ಪುಟ್ಟ ಯಂತ್ರದಲ್ಲಿ ಕೇಳಿಸಿಕೊಳ್ಳುತ್ತಿದ್ದನು. ಆ ಧ್ವನಿಮುದ್ರಣ ಅಮೆರಿಕದ ದೂರದರ್ಶನದಲ್ಲಿಯೇ ಪ್ರಸಾರವಾಯಿತು; ಮರುವರ್ಷ ಅವನ ಸಂಸ್ಥೆ ದಿವಾಳಿಯಾಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಸಮಾಧಾನವಾಗುತ್ತಿತ್ತು. ಕೆಲವು ವರ್ಷಗಳ ನಂತರ ಅದೇ ಪೊಪೊಫ್ 'ಪವಾಡದ ನೀರಿನ' ಪೊಟ್ಟಣಗಳನ್ನು ಉಚಿತವಾಗಿ ಕಳುಹಿಸುತ್ತ ಮತ್ತೆ ಪರದೆಯ ಮೇಲೆ ಬಂದನು. ನೀರು ಉಚಿತ, ಅದರ ಹಿಂದೆಯೇ ಬರುವ ಪತ್ರ ಕಾಣಿಕೆಯನ್ನು ಕೇಳುತ್ತದೆ. ಉಚಿತವಾಗಿ ಏನನ್ನಾದರೂ ಪಡೆದವನಿಗೆ ತಿರುಗಿ ಕೊಡದೆ ಇರುವುದು ಸಂಕೋಚವೆನಿಸುತ್ತದೆ ಎಂಬ ಮನುಷ್ಯಸ್ವಭಾವದ ಒಳ್ಳೆಯ ಗುಣವನ್ನೇ ಇಲ್ಲಿ ಬಂಡವಾಳ ಮಾಡಿಕೊಳ್ಳಲಾಗಿದೆ.

ರೋಗದ ವಿಷಯದಲ್ಲಿ ಇದು ಪ್ರಾಣಕ್ಕೇ ಬರುವ ಆಟ. ವಿಲಿಯಂ ನೋಲೆನ್ ಎಂಬ ಶಸ್ತ್ರವೈದ್ಯರು ಕ್ಯಾಥ್ರಿನ್ ಕೂಲ್ಮನ್ ಎಂಬ ಪ್ರಖ್ಯಾತ ಬೋಧಕಿಯ ಸಭೆಯಲ್ಲಿ ಗುಣ ಹೊಂದಿದೆವೆಂದು ಹೇಳಿಕೊಂಡವರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿ, 1974ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಪವಾಡದಿಂದ ವಾಸಿಯಾಯಿತೆನ್ನಬಹುದಾದ ಒಂದು ಪ್ರಕರಣವೂ ಅವರಿಗೆ ಕಾಣಲಿಲ್ಲ. ಬೆನ್ನುಮೂಳೆಯ ಕ್ಯಾನ್ಸರಿನಿಂದ ನರಳುತ್ತಿದ್ದ ಒಬ್ಬ ಹೆಂಗಸು ವೇದಿಕೆಯ ಮೇಲೆ ಬೆನ್ನಿನ ಆಧಾರಪಟ್ಟಿಯನ್ನು ಕಿತ್ತೆಸೆದು, ಜನರ ಹರ್ಷೋದ್ಗಾರದ ನಡುವೆ ಓಡಿದ್ದಳು. ಮರುದಿನವೇ ಆಕೆಯ ಬೆನ್ನೆಲುಬು ಕುಸಿಯಿತು. ನಾಲ್ಕು ತಿಂಗಳಲ್ಲಿ ಮರಣ ಹೊಂದಿದಳು. ಆಕೆ ಓಡಿದ್ದೂ ನಿಜ, ನೋವು ಆ ಕ್ಷಣಕ್ಕೆ ಮರೆತುಹೋದದ್ದೂ ನಿಜ. ಗಂಟೆಗಟ್ಟಲೆ ಹಾಡು, ಸಾವಿರಾರು ಜನರ ನಿರೀಕ್ಷೆ, ದೀಪಗಳ ಪ್ರಖರತೆ ಇವುಗಳ ನಡುವೆ ದೇಹ ತನ್ನ ನೋವನ್ನು ತಾತ್ಕಾಲಿಕವಾಗಿ ಮರೆಯುತ್ತದೆ. ಕ್ಯಾಮೆರಾ ಆ ಕ್ಷಣವನ್ನು ಹಿಡಿಯುತ್ತದೆ, ಮರುದಿನವನ್ನು ಹಿಡಿಯುವುದಿಲ್ಲ.

ಹಣದ ಬೋಧೆಯ ಕೇಂದ್ರದಲ್ಲಿರುವುದು 'ಬೀಜ'ದ ರೂಪಕ. ಇದನ್ನು ಬಳಕೆಗೆ ತಂದವರು ಓರಲ್ ರಾಬರ್ಟ್ಸ್. ಬೋಧಕನಿಗೆ ಕೊಟ್ಟ ಕಾಣಿಕೆ ಒಂದು ಬೀಜ. ದೇವರು ಅದನ್ನು ಹಲವು ಪಟ್ಟು ಮಾಡಿ ಹಿಂದಿರುಗಿಸುವನು ಎಂಬುದು ಅದರ ಸಾರ. 1987ರ ಆರಂಭದಲ್ಲಿ ಇವರೇ, ಮಾರ್ಚ್ ಒಳಗಾಗಿ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತಮ್ಮನ್ನು ಇಹಲೋಕದಿಂದ ಕರೆದುಕೊಳ್ಳುವನೆಂದು ಸಾರಿದರು. ಹಣ ಕೂಡಿತು, ಅವರು 2009ರವರೆಗೆ ಬದುಕಿದ್ದರು. ತೊಗರಿಯ ಕಣಜವೆನಿಸಿದ ನಮ್ಮ ಕಲಬುರಗಿ ಸೀಮೆಯ ಜನರಿಗೆ ಬೀಜದ ಮಾತನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಸೇಡಂ ರಸ್ತೆಯ ಎರಡೂ ಬದಿಯ ಕರಿಮಣ್ಣಿನಲ್ಲಿ ಬಿತ್ತುವ ಒಕ್ಕಲಿಗನಿಗೆ, ಮಳೆ ಕೈಕೊಟ್ಟರೆ ಬೀಜ ಮೊಳೆಯದೆಂದೂ, ಗೊಡ್ಡುರೋಗ ಬಂದರೆ ಗಿಡ ಹಸಿರಾಗಿದ್ದೂ ಕಾಯಿ ಬಿಡದೆಂದೂ, ಎಲ್ಲ ಸರಿಯಿದ್ದರೂ ಪೇಟೆಯಲ್ಲಿ ಧಾರಣೆ ಬೀಳಬಹುದೆಂದೂ ಗೊತ್ತು. ಬಿತ್ತಿದವನ ಭಕ್ತಿ ಕಡಿಮೆಯಾದ್ದರಿಂದ ಬೆಳೆ ಹೋಯಿತೆಂದು ಅವನ ಮುಖದ ಮೇಲೆ ಹೇಳುವ ಧೈರ್ಯ ಯಾವ ಬೀಜದ ವ್ಯಾಪಾರಿಗೂ ಇಲ್ಲ. ಬೋಧಕನಿಗೆ ಆ ಧೈರ್ಯವಿದೆ. ಫಲ ಬಂದರೆ ಬೋಧಕನ ಪ್ರಾರ್ಥನೆಯ ಮಹಿಮೆ, ಬಾರದಿದ್ದರೆ ಕೊಟ್ಟವನ ವಿಶ್ವಾಸದ ಕೊರತೆ. ಯಾವ ಸಾಕ್ಷ್ಯದಿಂದಲೂ ಸುಳ್ಳಾಗದಂತೆ ಕಟ್ಟಿದ ಈ ವಾದದಲ್ಲಿ, ಹಣ ಕಳೆದುಕೊಂಡವನೇ ಅಪರಾಧಿಯಾಗಿ ನಿಲ್ಲುತ್ತಾನೆ. ನಿಂತು, ಮತ್ತೊಮ್ಮೆ ಕೊಡುತ್ತಾನೆ.

ನಮ್ಮ ದೇಶದಲ್ಲಿ ಡಿ.ಜಿ.ಎಸ್. ದಿನಕರನ್ ಅವರು ಸ್ಥಾಪಿಸಿದ, ಚೆನ್ನೈ ಕೇಂದ್ರವಾದ 'ಜೀಸಸ್ ಕಾಲ್ಸ್' ಸಂಸ್ಥೆಯಲ್ಲಿ ಮಕ್ಕಳ ಹೆಸರಿನಲ್ಲಿ, ಕುಟುಂಬದ ಹೆಸರಿನಲ್ಲಿ ಪಾಲುದಾರರಾಗುವ ಆಶೀರ್ವಾದದ ಯೋಜನೆಗಳಿವೆ. ಇದರಲ್ಲಿ ವಂಚನೆಯಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಮಗುವಿನ ಪರೀಕ್ಷೆಯ ಬಗೆಗಿನ ತಾಯಿಯ ಆತಂಕವನ್ನೂ ಕಾಣಿಕೆಯನ್ನೂ ಒಂದೇ ದಾರದಲ್ಲಿ ಪೋಣಿಸಿದ ಮೇಲೆ, ಆ ತಾಯಿ ಕೊಡುವುದನ್ನು ನಿಲ್ಲಿಸಲು ಹೆದರುವಳಲ್ಲವೆ? ಕೊಡುವುದಕ್ಕೆ ಪ್ರೇರಣೆ ಸಂತೋಷವಾಗಿರದೆ ಭಯವಾದಾಗ ಅದನ್ನು ದಾನವೆಂದು ಕರೆಯಬಹುದೆ?

ಈ ಪ್ರಶ್ನೆಗೆ ನಮ್ಮ ಆಚಾರ್ಯರು ಬಹು ಹಿಂದೆಯೇ ಉತ್ತರಿಸಿದ್ದಾರೆ. ಮಾಯೆ, ಮಿಥ್ಯಾತ್ವಗಳ ಜೊತೆಯಲ್ಲಿ ನಿದಾನವನ್ನೂ ಶಲ್ಯವೆಂದು, ಎಂದರೆ ಮೈಯಲ್ಲಿ ನೆಟ್ಟ ಮುಳ್ಳೆಂದು ಎಣಿಸಲಾಗಿದೆ. ಇಂಥ ಭೋಗ ನನಗೆ ದೊರೆಯಲಿ ಎಂಬ ಬಯಕೆಯನ್ನು ಗಂಟುಹಾಕಿ ಮಾಡಿದ ವ್ರತ ವ್ರತವೇ ಅಲ್ಲ. ದಾತೃವಿನ ಏಳು ಗುಣಗಳಲ್ಲಿ ಲೋಭವಿಲ್ಲದಿರುವುದೂ ಒಂದು. ಬೀಜದ ಬೋಧೆ ದಾತೃವಿನ ಲೋಭವನ್ನೇ ಕೆದಕಿ ಹಣವನ್ನು ಹೊರತೆಗೆಯುತ್ತದೆ.

ಪವಾಡದ ಬಗೆಗಂತೂ ಸಮಂತಭದ್ರಾಚಾರ್ಯರ ನಿಲುವು ಎಂಥವರನ್ನೂ ಬೆರಗುಗೊಳಿಸುವಂಥದು. 'ಆಪ್ತಮೀಮಾಂಸೆ'ಯ ಪ್ರಾರಂಭದಲ್ಲಿಯೇ ಅವರು ಜಿನೇಂದ್ರನನ್ನು ಉದ್ದೇಶಿಸಿ, ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಂಡುಬರುವುದರಿಂದ ಅವುಗಳಿಗಾಗಿ ನೀನು ನಮಗೆ ಪೂಜ್ಯನಲ್ಲ ಎಂಬ ಅಭಿಪ್ರಾಯವನ್ನು ಸೂಚಿಸುತ್ತಾರೆ. ಯುಕ್ತಿಗೂ ಆಗಮಕ್ಕೂ ವಿರೋಧವಿಲ್ಲದ ನುಡಿಯಿಂದಲೇ ಆಪ್ತತ್ವದ ನಿರ್ಣಯ. ತನ್ನ ತೀರ್ಥಂಕರನಿಗೂ ಈ ರಿಯಾಯಿತಿಯನ್ನು ಕೊಡದ ಪರಂಪರೆಯವರು ನಾವು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಗೆ ನಿದರ್ಶನವಾಗಿ ಬರುವ ರೇವತಿ ರಾಣಿಯ ಕಥೆ ನಮ್ಮ ಹಿರಿಯರ ಬಾಯಲ್ಲಿತ್ತು. ಮಥುರೆಯ ವರುಣ ರಾಜನ ಮಡದಿಯಾದ ಆಕೆಯನ್ನು ಪರೀಕ್ಷಿಸಲು ಬಂದ ವಿದ್ಯಾಧರ ಕ್ಷುಲ್ಲಕನು ಮಾಯೆಯಿಂದ ಒಂದು ದಿನ ಬ್ರಹ್ಮನಾಗಿ, ಮತ್ತೊಂದು ದಿನ ವಿಷ್ಣುವಾಗಿ, ಇನ್ನೊಂದು ದಿನ ಶಿವನಾಗಿ ಪುರದ ಹೊರಗೆ ಕಾಣಿಸಿಕೊಂಡನು. ಊರಿಗೆ ಊರೇ ಹೋಯಿತು, ರೇವತಿ ಹೋಗಲಿಲ್ಲ. ಕೊನೆಗೆ ಅವನು ಸಮವಸರಣವನ್ನೇ ನಿರ್ಮಿಸಿ ತೀರ್ಥಂಕರನಾಗಿ ಕುಳಿತನು. ಆಗ ಶ್ರಾವಕರೂ ಓಡಿದರು. ತೀರ್ಥಂಕರರು ಇಪ್ಪತ್ನಾಲ್ವರೇ, ಇಪ್ಪತ್ತೈದನೆಯವನಿಲ್ಲ, ಆದ್ದರಿಂದ ಇದು ಮಾಯೆ ಎಂದು ಆಕೆ ಅರಮನೆಯಲ್ಲಿಯೇ ಉಳಿದಳು. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ತೋರುವುದು ಮೊದಲ ಮೂರು ದಿನಗಳಲ್ಲ, ನಾಲ್ಕನೆಯದು. ಅನ್ಯರ ಪವಾಡವನ್ನು ಅಲ್ಲಗಳೆಯುವುದು ಸುಲಭ. ಬ್ರಹ್ಮಶಿವನ 'ಸಮಯಪರೀಕ್ಷೆ'ಯನ್ನು ಓದಿ ನಕ್ಕವರಿಗೆಲ್ಲ ಅದು ಬರುತ್ತದೆ. ತನ್ನದೇ ಧರ್ಮದ ವೇಷ ತೊಟ್ಟು ಬಂದ ಬೆರಗನ್ನು ನಿರಾಕರಿಸಿದ್ದು ರೇವತಿಯ ಹಿರಿಮೆ.

ಆ ನಾಲ್ಕನೆಯ ದಿನ ನಮ್ಮ ಮುಂದೆಯೂ ಇದೆ. 2012ರಲ್ಲಿ ನಿರ್ಮಲ್ ಬಾಬಾ ಎಂಬವರು ದೂರದರ್ಶನದ ಮೂಲಕ ಭಕ್ತರ ಆದಾಯದ ದಶಾಂಶವನ್ನು ಪಡೆಯುತ್ತಿದ್ದುದು ದೇಶದಾದ್ಯಂತ ಚರ್ಚೆಗೆ ಬಂತು. ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು 2021ರ ಜನವರಿಯಲ್ಲಿ, ಅಲೌಕಿಕ ಶಕ್ತಿಯುಂಟೆಂದು ಹೇಳಿ ಯಂತ್ರಗಳನ್ನು ಮಾರುವ ದೂರದರ್ಶನ ಜಾಹೀರಾತುಗಳು ಕಾನೂನುಬಾಹಿರವೆಂದು ತೀರ್ಪಿತ್ತಾಗ ಅದರ ಮುಂದಿದ್ದುದು ಹನುಮಾನ್ ಚಾಲೀಸಾ ಯಂತ್ರ. ನಮ್ಮವರಲ್ಲಿಯೂ ಯಕ್ಷಯಕ್ಷಿಯರ ಹೆಸರಿನಲ್ಲಿ ವ್ಯಾಪಾರವೃದ್ಧಿಯ ಭರವಸೆ ಕೊಡುವವರು, ಗ್ರಹಶಾಂತಿಯ ವಿಧಾನಗಳಿಗೆ ದರಪಟ್ಟಿ ಹಚ್ಚುವವರು ಇಲ್ಲವೆ? ವರವನ್ನು ಬಯಸಿ ರಾಗದ್ವೇಷಯುಕ್ತ ದೇವತೆಗಳನ್ನು ಪೂಜಿಸುವುದು ದೇವಮೂಢತೆಯೆಂದು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿಯೇ ಇದೆ. ಅಭಿಷೇಕದ ಕಲಶಕ್ಕೆ ಸವಾಲು ಕೂಗುವಾಗ ಮೈಕಿನವನು ಸಭೆಯ ಪ್ರತಿಷ್ಠೆಯ ಆಸೆಯನ್ನು ಎಬ್ಬಿಸುವ ರೀತಿಯೂ ಬೋಧಕನ ರೀತಿಯೂ ಒಂದೇ ಶಾಲೆಯಲ್ಲಿ ಕಲಿತಂತೆ ತೋರುತ್ತದೆ. ವ್ಯತ್ಯಾಸವಿಲ್ಲವೆಂದಲ್ಲ: ಸವಾಲಿನಲ್ಲಿ ರೋಗ ವಾಸಿಯಾಗುವುದೆಂಬ ಮಾತಿಲ್ಲ, ಹಣ ಯಾರ ಎದುರಿಗೆ ಎಷ್ಟು ಬಂತೆಂಬುದು ಸಭೆಗೆಲ್ಲ ತಿಳಿದಿರುತ್ತದೆ. ಆದರೂ ಅದು ಎಲ್ಲಿ ವ್ಯಯವಾಯಿತೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಬಸದಿಯ ಗೋಡೆಗೆ ಅಂಟಿಸುವ ಟ್ರಸ್ಟುಗಳು ಎಷ್ಟಿವೆ?

ಅಮೆರಿಕದಲ್ಲಿ ಲೆಕ್ಕ ಕೇಳಿದವರು ಕ್ರೈಸ್ತರೇ ಎಂಬುದನ್ನು ಇಲ್ಲಿ ನೆನೆಯಬೇಕು. 1991ರಲ್ಲಿ ರಾಬರ್ಟ್ ಟಿಲ್ಟನ್ ಎಂಬ ಬೋಧಕನಿಗೆ ಭಕ್ತರು ಬರೆದ ಪ್ರಾರ್ಥನಾ ಪತ್ರಗಳು, ಹಣವನ್ನು ತೆಗೆದುಕೊಂಡ ನಂತರ ಕಸದ ಪಾಲಾಗುತ್ತಿದ್ದವೆಂದು ಎ.ಬಿ.ಸಿ. ದೂರದರ್ಶನ ವರದಿ ಮಾಡಿತು. ಆ ತನಿಖೆಗೆ ನೆರವಾದ ಡಲ್ಲಾಸ್ ನಗರದ ಓಲ್ ಆಂಥನಿ ಸ್ವತಃ ಶ್ರದ್ಧಾವಂತ ಕ್ರೈಸ್ತರು. ಬೆನ್ನಿ ಹಿನ್ ಸೇರಿದಂತೆ ಆರು ಬೋಧಕರ ಸಂಸ್ಥೆಗಳ ಹಣಕಾಸಿನ ಬಗ್ಗೆ 2007ರಲ್ಲಿ ಸೆನೆಟ್ ಸಮಿತಿಯ ವಿಚಾರಣೆ ಪ್ರಾರಂಭವಾಗಿ, 2011ರಲ್ಲಿ ಯಾರಿಗೂ ದಂಡವಿಲ್ಲದೆ ಮುಗಿಯಿತು. 2019ರಲ್ಲಿ ಹಿನ್ ತಾವೇ ಮುಂದೆ ಬಂದು, ಆಶೀರ್ವಾದಕ್ಕೆ ಬೆಲೆ ಕಟ್ಟಿ ಬೀಜದ ಹಣ ಕೇಳುವುದು ತಪ್ಪೆಂದು ಹೇಳಿದರು. ಆ ವೇಳೆಗೆ ಕೊಟ್ಟವರ ಹಣ ಹಿಂದಿರುಗುವಂತಿರಲಿಲ್ಲ.

ಕಾನೂನಿನಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ರೋಗ ವಾಸಿ ಮಾಡುವ ಮಂತ್ರ, ತಾಯಿತಗಳ ಜಾಹೀರಾತನ್ನು ನಿರ್ಬಂಧಿಸುವ ಕೇಂದ್ರದ ಕಾಯಿದೆ 1954ರಷ್ಟು ಹಳೆಯದು. ಆದರೆ ಪ್ರಾರ್ಥನೆಯನ್ನೂ ಜಾಹೀರಾತನ್ನೂ ಬೇರ್ಪಡಿಸುವ ಗೆರೆ ತೆಳುವಾದದ್ದು. ನಮ್ಮ ಕೈಯಲ್ಲಿರುವುದು ನಮ್ಮ ದಾನದ ದಿಕ್ಕು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕರಲ್ಲಿ ಔಷಧದಾನಕ್ಕೆ ಈ ಭಾಗದಲ್ಲಿ ಸ್ಥಳ ಹುಡುಕಬೇಕಾಗಿಲ್ಲ. ಅಮೋಘವರ್ಷನೂ ಜಿನಸೇನಾಚಾರ್ಯರೂ ನಡೆದಾಡಿದ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಸೇಡಂ ರಸ್ತೆಯಲ್ಲಿದೆ. ಅದೇ ರಸ್ತೆ ಕಲಬುರಗಿ ನಗರವನ್ನು ಸೇರುವಲ್ಲಿ ಜಿಮ್ಸ್ ಆಸ್ಪತ್ರೆಯೂ ಇ.ಎಸ್.ಐ. ವೈದ್ಯಕೀಯ ಕಾಲೇಜೂ ಇವೆ. ದೊಡ್ಡ ಬೇನೆಯ ರೋಗಿಗಳು ಹಳ್ಳಿಗಳಿಂದ ಬಂದಿಳಿಯುವುದು ಇಲ್ಲಿಯೇ. ರೋಗಿಯ ಜೊತೆ ಬಂದವರಿಗೆ ಮಲಗಲು ಸ್ಥಳ, ಒಂದು ಹೊತ್ತಿನ ಊಟ, ಯಾವ ಚೀಟಿಯನ್ನು ಯಾವ ಕಿಟಕಿಗೆ ಕೊಡಬೇಕೆಂದು ಹೇಳುವ ಒಬ್ಬ ಮನುಷ್ಯ: ಇಷ್ಟನ್ನು ಒದಗಿಸಲು ಎರಡು ಮೂರು ಬಸದಿಗಳ ಟ್ರಸ್ಟುಗಳು ಕೂಡಿದರೆ ಸಾಕು. ಮುಂದಿನ ಪರ್ಯೂಷಣದ ವೇಳೆಗೆ, ಕಲಶದ ಸವಾಲಿನ ಒಂದು ಭಾಗವನ್ನು ಇದಕ್ಕೆಂದು ತೆಗೆದಿಡುವ ನಿರ್ಣಯವನ್ನು ಟ್ರಸ್ಟುಗಳ ವಾರ್ಷಿಕ ಸಭೆಯ ಮುಂದೆ ಇಡಬಹುದಾಗಿದೆ.