ಪುಕ್ಕಟೆ ಪರದೆಯಲ್ಲಿ ಕನ್ನಡದ ಪಾಲು

ಟಿವಿಯ ಹಿಂಬದಿಗೆ ಸಿಕ್ಕಿಸುವ ಸ್ಟಿಕ್ ಮನೆಗೆ ಬಂದ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ತಿಂಗಳು ತಿಂಗಳು ದುಡ್ಡು ಕಟ್ಟದೆ ಇದರಲ್ಲಿ ಏನೇನು ನೋಡಬಹುದು? ಉತ್ತರ ಕೊಡುವವರಿಗೇನೂ ಬರವಿಲ್ಲ. ಪರಿಚಯದ ಹುಡುಗನೊಬ್ಬ ಪೆನ್‌ಡ್ರೈವ್‌ನಲ್ಲಿ ಎಪಿಕೆ ಫೈಲ್ ತಂದು ಹಾಕಿಕೊಡುತ್ತಾನೆ, ಅದು ಕಳ್ಳಮಾಲು. ಕಾನೂನಿನೊಳಗೇ ಇರಬೇಕೆನ್ನುವವರಿಗೆ ‘ಹತ್ತು ಅತ್ಯುತ್ತಮ ಉಚಿತ ಆ್ಯಪ್‌ಗಳು’ ಎಂಬ ಪಟ್ಟಿಗಳಿವೆ. ಅವುಗಳಲ್ಲಿ ಬಹಳಷ್ಟು ಅಮೆರಿಕದ ಮನೆಗಳಿಗಾಗಿ ಬರೆದವು. ಅಲ್ಲಿ ಜಾಹೀರಾತಿನ ಬಲದಲ್ಲಿ ಪುಕ್ಕಟೆ ಸಿನಿಮಾ ತೋರಿಸುವುದು ದೊಡ್ಡ ವ್ಯಾಪಾರ. ಪ್ಲೂಟೊ ಟಿವಿಯನ್ನು ವಯಾಕಾಮ್ 2019ರಲ್ಲಿ 34 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಫಾಕ್ಸ್ ಕಂಪನಿ ಟುಬಿಗೆ 44 ಕೋಟಿ ಡಾಲರ್ ಕೊಟ್ಟಿತು. ಹಾವೇರಿಯಲ್ಲೋ ಹಾಸನದಲ್ಲೋ ಟಿವಿ ಮುಂದೆ ಕೂತವರಿಗೆ ಈ ಎರಡು ಹೆಸರುಗಳಿಂದ ಆಗಬೇಕಾದ್ದೇನೂ ಇಲ್ಲ.

ಈ ಪಟ್ಟಿಗಳ ದೊಡ್ಡ ದೋಷವೆಂದರೆ ಎಣಿಕೆ. ಇಷ್ಟು ಸಾವಿರ ಸಿನಿಮಾ, ಇಷ್ಟು ನೂರು ಚಾನೆಲ್ ಎಂದು ಲೆಕ್ಕ ಕೊಟ್ಟು ಸುಮ್ಮನಾಗುತ್ತವೆ. ಕನ್ನಡದ ಮನೆಯೊಂದು ಕೇಳಬೇಕಾದದ್ದು ಬೇರೆ. ತೋರಿಸುತ್ತಿರುವವರಿಗೆ ಅದನ್ನು ತೋರಿಸುವ ಹಕ್ಕಿದೆಯೆ? ತೋರಿಸುತ್ತಿರುವ ಪ್ರತಿ ನೋಡುವಂತಿದೆಯೆ? ಬರುವ ವರ್ಷವೂ ಅದು ಅಲ್ಲೇ, ಹಾಗೇ ಸಿಗುತ್ತದೆಯೆ? ಈ ಮೂರನ್ನು ಹಿಡಿದು ನಮ್ಮ ಕೈಗೆಟುಕುವ ಆ್ಯಪ್‌ಗಳನ್ನು ನೋಡಿದರೆ ಸಿಗುವ ಚಿತ್ರ ಪಟ್ಟಿಗಳು ಹೇಳುವುದಕ್ಕಿಂತ ತೀರ ಭಿನ್ನವಾಗಿದೆ.

ಮೊದಲ ಸ್ಥಾನ ಯೂಟ್ಯೂಬ್‌ಗೇ ಸಲ್ಲಬೇಕು. ಸ್ಟಿಕ್‌ನಲ್ಲಿ ಮೊದಲೇ ಕೂತಿರುವ ಆ್ಯಪ್ ಎಂಬ ಕಾರಣಕ್ಕೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಳೆಯ ಕನ್ನಡ ಸಿನಿಮಾ ಇವತ್ತು ವಾಸವಾಗಿರುವುದು ಅಲ್ಲಿಯೇ. ಇದಕ್ಕೊಂದು ಹಿನ್ನೆಲೆಯಿದೆ. ಕ್ಯಾಸೆಟ್ಟು, ಸಿಡಿಗಳ ಕಾಲದಲ್ಲಿ ಅನೇಕ ನಿರ್ಮಾಪಕರು ತಮ್ಮ ಚಿತ್ರಗಳ ವಿಡಿಯೊ ಹಕ್ಕನ್ನು ಇಡಿಯಾಗಿ ಮಾರಿಬಿಟ್ಟರು. ಕೊಂಡವರು ಮುಂದೆ ಅದೇ ಸರಕನ್ನು ಯೂಟ್ಯೂಬ್‌ಗೆ ಏರಿಸಿ ಜಾಹೀರಾತಿನ ಹಣ ಪಡೆಯತೊಡಗಿದರು. ಎಸ್‌ಆರ್‌ಎಸ್ ಮೀಡಿಯಾ ವಿಷನ್, ಶ್ರೀ ಗಣೇಶ್ ವಿಡಿಯೋಸ್ ಮುಂತಾದ ಚಾನೆಲ್‌ಗಳಲ್ಲಿ ಇಡೀ ಸಿನಿಮಾಗಳು ಸಾಲುಗಟ್ಟಿವೆ. ಇಂಥ ನಾಲ್ಕಾರು ಚಾನೆಲ್‌ಗಳಿಗೆ ಸಬ್‌ಸ್ಕ್ರೈಬ್ ಆಗಿಬಿಟ್ಟರೆ ಬೇರೆ ಆ್ಯಪ್‌ನ ನೆನಪಾಗದೆ ಒಂದು ಮಳೆಗಾಲ ಕಳೆಯಬಹುದು.

ಕಳ್ಳಪ್ರತಿಗಳೂ ಅಲ್ಲೇ ಇವೆ, ಗುರುತು ಹಿಡಿಯುವುದು ಸುಲಭ. ಯೂಟ್ಯೂಬ್ 2007ರಿಂದ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಇಟ್ಟುಕೊಂಡಿದೆ. ಹಕ್ಕುದಾರರು ಕೊಟ್ಟ ಮೂಲದ ಜೊತೆ ಹೊಸದಾಗಿ ಏರಿಸಿದ ವಿಡಿಯೊವನ್ನು ಯಂತ್ರವೇ ತಾಳೆ ನೋಡುತ್ತದೆ. ಅದರ ಕಣ್ಣು ತಪ್ಪಿಸಲು ಕಳ್ಳರು ಚಿತ್ರವನ್ನು ಕನ್ನಡಿಯಂತೆ ತಿರುಗಿಸುತ್ತಾರೆ, ಸುತ್ತ ಹೂವಿನ ಚೌಕಟ್ಟು ಕೂರಿಸುತ್ತಾರೆ, ಧ್ವನಿಯನ್ನು ತುಸು ಏರಿಸುತ್ತಾರೆ. ಅಂಗಡಿಯ ಬೋರ್ಡಿನ ಅಕ್ಷರಗಳು ಹಿಂದುಮುಂದಾಗಿ ಕಂಡರೆ, ನಾಯಕನ ಅಂಗಿಯ ಜೇಬು ಬಲಕ್ಕೆ ಹೋಗಿದ್ದರೆ, ಪರಿಚಿತ ಕಂಠ ಕೀರಲಾಗಿ ಕೇಳಿದರೆ ಅದನ್ನು ಮುಚ್ಚಿ ಹಕ್ಕುದಾರರ ಚಾನೆಲ್ ಹುಡುಕಿ. ಆ ಸಿನಿಮಾದ ಹೆಸರಿನಲ್ಲಿ ಬರುವ ಜಾಹೀರಾತಿನ ಹಣ ಸಲ್ಲಬೇಕಾದವರಿಗೆ ಸಲ್ಲಲು ಅಷ್ಟಾದರೂ ಮಾಡಬೇಕು.

ಆದರೆ ಹಕ್ಕಿದ್ದವರ ಪ್ರತಿಯೇ ಚೆನ್ನಾಗಿರುತ್ತದೆಯೆ? ಇಲ್ಲಿ ನನಗೆ ಸಂಕಟವಾಗುತ್ತದೆ. ಯಾವುದೋ ಕಾಲದಲ್ಲಿ ಟಿವಿಗಾಗಿ ಟೇಪಿಗಿಳಿಸಿದ ಪ್ರತಿಯನ್ನೇ ಇವತ್ತಿನ ದೊಡ್ಡ ಪರದೆಗೆ ಹಾಕುತ್ತಾರೆ. ಬಣ್ಣ ಸೋರಿಹೋಗಿರುತ್ತದೆ, ಮೂಲೆಯಲ್ಲಿ ಲೋಗೊ ಕುಣಿಯುತ್ತಿರುತ್ತದೆ. 1977ರ ‘ಸೊಸೆ ತಂದ ಸೌಭಾಗ್ಯ’ ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ. ಆಮೇಲೆ ಅಗಲ ಚೌಕಟ್ಟಿನಲ್ಲಿ ಎಷ್ಟೋ ಚಿತ್ರಗಳು ಬಂದವು. ಅಂಥದ್ದನ್ನು ಹಳೆಯ ಟಿವಿಯ ಚೌಕಕ್ಕೆ ಹೊಂದಿಸಿದರೆ ಛಾಯಾಗ್ರಾಹಕ ಕಟ್ಟಿದ ದೃಶ್ಯದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಹೊರಗೆ ಬೀಳುತ್ತದೆ. ಇಬ್ಬರು ಮಾತಾಡುತ್ತಿದ್ದಾರೆಂದು ಕಥೆಯಿಂದ ಗೊತ್ತಾಗುತ್ತದೆ, ಪರದೆಯ ಮೇಲಿರುವುದು ಒಬ್ಬರ ಕಿವಿ ಮತ್ತು ನಡುವಿನ ಗೋಡೆ. ಇನ್ನು ಕೆಲವು ಪ್ರತಿಗಳಲ್ಲಿ ಟೈಟಲ್ ಕಾರ್ಡನ್ನೇ ಕತ್ತರಿಸಿರುತ್ತಾರೆ. ಸಂಕಲನಕಾರ, ಸಹಾಯಕ ನಿರ್ದೇಶಕ, ಪ್ರಸಾಧನ ಮಾಡಿದವರು, ಇವರ ಹೆಸರು ಉಳಿದಿರುವ ಏಕೈಕ ಜಾಗ ಎಷ್ಟೋ ಸಲ ಅದೊಂದೇ. ಅದನ್ನು ಕತ್ತರಿಸುವುದು ಅವರ ದುಡಿಮೆಯ ಲೆಕ್ಕವನ್ನೇ ಅಳಿಸಿದ ಹಾಗೆ.

ಹಳೆಯ ಚಿತ್ರ ಹೀಗೇ ಇರುವುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ 1977ರದ್ದೇ. ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ನಿನ ವಿಶ್ವ ಸಿನಿಮಾ ಯೋಜನೆ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೂಡಿ ಅದನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣಕ್ಕೆ ಆ ಗೌರವ ಸಿಗಲು ಸುಮಾರು ಅರ್ಧ ಶತಮಾನ ಬೇಕಾಯಿತು. ಕೆಲಸ ಸಾಧ್ಯವೆಂಬುದು ಇದರಿಂದ ಖಚಿತ. ಮಾಡುವವರಿಗೆ ಕೊಡುವ ಹಣ ಮಾತ್ರ ಯೂಟ್ಯೂಬಿನ ಜಾಹೀರಾತಿನಿಂದ ಹುಟ್ಟುವುದಿಲ್ಲ.

ಯೂಟ್ಯೂಬ್‌ನಲ್ಲಿ ಹುಡುಕುವ ಕಷ್ಟ ಇನ್ನೊಂದು. ‘ನಾಗರಹಾವು’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. ರಿಮೋಟ್‌ನ ಬಾಣದ ಗುಂಡಿ ಒತ್ತುತ್ತ ಒಂದೊಂದೇ ಅಕ್ಷರ ಆರಿಸುವಷ್ಟರಲ್ಲಿ ಮನೆಯ ಹಿರಿಯರ ಉತ್ಸಾಹ ಇಳಿದಿರುತ್ತದೆ. ಫೋನನ್ನು ಟಿವಿಯ ಯೂಟ್ಯೂಬ್‌ಗೆ ಜೋಡಿಸಿ ಕನ್ನಡ ಕೀಲಿಮಣೆಯಲ್ಲಿ ಹುಡುಕಿ, ಸಿಕ್ಕದ್ದನ್ನು ಪರದೆಗೆ ಕಳಿಸುವುದು ಎಲ್ಲಕ್ಕಿಂತ ಸಲೀಸು. ಇದನ್ನು ಅಜ್ಜಿಗೆ ಒಮ್ಮೆ ಕಲಿಸಿಕೊಟ್ಟ ಮೊಮ್ಮಗಳು ದೊಡ್ಡ ಉಪಕಾರ ಮಾಡಿದ ಹಾಗೆ.

ಮೂರನೆಯ ಪ್ರಶ್ನೆ, ಅಂದರೆ ಬರುವ ವರ್ಷವೂ ಸಿಗುತ್ತದೆಯೆ ಎಂಬುದು, ಧಾರಾವಾಹಿ ನೋಡುವ ಮನೆಗಳನ್ನು ಹೆಚ್ಚು ಕಾಡಿದೆ. ಕಲರ್ಸ್ ಕನ್ನಡದ ಧಾರಾವಾಹಿಗಳನ್ನು ತಪ್ಪಿಹೋದ ಮೇಲೆ ನೋಡಿಕೊಳ್ಳಲು 2016ರಲ್ಲಿ ಬಂದ ವೂಟ್ ಎಂಬ ಆ್ಯಪ್ ಇತ್ತು. 2023ರಲ್ಲಿ ಅದು ಜಿಯೊಸಿನಿಮಾದೊಳಗೆ ಸೇರಿಹೋಯಿತು. 2025ರ ಫೆಬ್ರವರಿ 14ರಂದು ಜಿಯೊಸಿನಿಮಾ ಕೂಡ ಹಾಟ್‌ಸ್ಟಾರ್ ಜೊತೆ ಬೆರೆತು ಜಿಯೊಹಾಟ್‌ಸ್ಟಾರ್ ಆಯಿತು. ಒಂದೇ ಅತ್ತೆ ಸೊಸೆಯ ಕಥೆಗಾಗಿ ವೀಕ್ಷಕರು ಹತ್ತು ವರ್ಷದೊಳಗೆ ಮೂರು ಬಾಗಿಲು ತಟ್ಟಬೇಕಾಯಿತು. 2023ರ ಐಪಿಎಲ್ ಜಿಯೊಸಿನಿಮಾದಲ್ಲಿ ಪೂರಾ ಪುಕ್ಕಟೆಯಾಗಿ, ಕನ್ನಡ ವೀಕ್ಷಕ ವಿವರಣೆಯ ಸಮೇತ ಬಂದಾಗ ಹಳ್ಳಿಹಳ್ಳಿಯಲ್ಲೂ ಜನ ಸಂತೋಷಪಟ್ಟರು. ಸಂತೋಷಪಡಬೇಕಾದ್ದೇ. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಪಂದ್ಯಾವಳಿಯನ್ನು ಪೂರ್ತಿ ನೋಡಲು ಚಂದಾ ಕಟ್ಟಬೇಕು, ಇಲ್ಲವೆ ಅದನ್ನು ಒಳಗೊಂಡ ಮೊಬೈಲ್ ರೀಚಾರ್ಜ್ ಹಾಕಿಸಬೇಕು ಎಂದಾಯಿತು. ಕಂಪನಿಯೊಂದು ಗಿರಾಕಿಗಳನ್ನು ಕೂಡಿಸಿಕೊಳ್ಳಲು ಕೆಲಕಾಲ ಕೊಡುವುದನ್ನು ನಾನು ಪುಕ್ಕಟೆ ಆ್ಯಪ್‌ಗಳ ಸಾಲಿಗೆ ಸೇರಿಸುವುದಿಲ್ಲ. ಬೇಕಾದವರು ಚಂದಾ ಕಟ್ಟಿ ನೋಡಲಿ, ಅದರಲ್ಲಿ ತಪ್ಪಿಲ್ಲ. ಆಯ್ಕೆ ಮಾಡುವಾಗ ಅದು ಯಾವ ಬಗೆಯದು ಎಂಬುದು ತಿಳಿದಿರಬೇಕು.

ಅಮೆಜಾನ್ ಎಂಎಕ್ಸ್ ಪ್ಲೇಯರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೆಮೊರಿ ಕಾರ್ಡಿನ ಸಿನಿಮಾ ನೋಡಲು ಒಂದು ಕಾಲಕ್ಕೆ ಎಲ್ಲರ ಫೋನಿನಲ್ಲೂ ಇದ್ದ ಹೆಸರು ಅದು. ಈಗ ಜಾಹೀರಾತಿನ ನಡುವೆ ಹಿಂದಿ ವೆಬ್ ಸರಣಿಗಳನ್ನೂ ಹಿಂದಿಗೆ ಡಬ್ ಆದ ವಿದೇಶಿ ಸರಣಿಗಳನ್ನೂ ಧಾರಾಳವಾಗಿ ಕೊಡುತ್ತದೆ. ಹಿಂದಿ ನೋಡುವವರಿಗೆ ಕಾನೂನುಬದ್ಧ ಆ್ಯಪ್‌ಗಳಲ್ಲಿ ಒಳ್ಳೆಯ ಆಯ್ಕೆ. ಕನ್ನಡಕ್ಕಾಗಿ ಅದನ್ನು ಹಾಕಿಸಿಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಹೆಚ್ಚು ಭರವಸೆ ಇಟ್ಟುಕೊಂಡು ನೋಡಬೇಕಾದದ್ದು ವೇವ್ಸ್. ಪ್ರಸಾರ ಭಾರತಿ ಇದನ್ನು 2024ರ ನವೆಂಬರ್ 20ರಂದು ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಬಿಡುಗಡೆ ಮಾಡಿತು. ನೇರ ಪ್ರಸಾರದ ಚಾನೆಲ್‌ಗಳು, ಆಕಾಶವಾಣಿ, ದೂರದರ್ಶನದ ಹಳೆಯ ಸಂಗ್ರಹ, ಎಲ್ಲ ಒಂದೇ ಕಡೆ. ಚಂದಾ ಯೋಜನೆಗಳೂ ಇವೆ, ಆದರೆ ಏನೂ ಕಟ್ಟದೆ ನೋಡಬಹುದಾದದ್ದು ಸಾಕಷ್ಟಿದೆ. ಸಾರ್ವಜನಿಕ ಹಣದಿಂದ ತಯಾರಾದದ್ದು ಸಾರ್ವಜನಿಕರಿಗೆ ಮರಳುವುದು ನ್ಯಾಯ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿರುವ ಸೇವೆ ಒಮ್ಮೆ ತಟ್ಟೆ ಕೊಂಡವರಿಗೆ ತಿಂಗಳ ಬಾಡಿಗೆಯಿಲ್ಲದೆ ಚಾನೆಲ್ ಕೊಟ್ಟಿತಲ್ಲ, ವೇವ್ಸ್ ಆ ದಾರಿಯಲ್ಲೇ ಹುಟ್ಟಿದ್ದು.

ಹಾಗಿದ್ದೂ ಬಿಡುಗಡೆಯ ಹೊತ್ತಿಗೆ ಹೆಮ್ಮೆಯಿಂದ ಹೆಸರಿಸಿದ್ದು ‘ರಾಮಾಯಣ’, ‘ಮಹಾಭಾರತ’, ‘ಶಕ್ತಿಮಾನ್’, ‘ಫೌಜಿ 2.0’. ಎಲ್ಲ ಹಿಂದಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ದೂರದರ್ಶನದ ಕನ್ನಡ ಚಾನೆಲ್ ಚಂದನದ ಬಳಿ ಇರುವ ಸಂಪತ್ತಿಗೆ ಪಟ್ಟಿಯಲ್ಲೊಂದು ಹೆಸರು ಸಾಲದು. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಒಂದನ್ನೇ ನೋಡಿ. ಸರಿಯುತ್ತರಕ್ಕೆ ಕನ್ನಡ ಪುಸ್ತಕವನ್ನೇ ಬಹುಮಾನವಾಗಿ ಕೊಡುವ, ಸಾವಿರಾರು ಸಂಚಿಕೆ ದಾಟಿದ ಕಾರ್ಯಕ್ರಮ ಅದು. ವಿಷಯವಾರು ವಿಂಗಡಿಸಿ, ವರ್ಷವಾರು ಜೋಡಿಸಿ ಇಟ್ಟರೆ ಶಾಲೆಯ ಮಕ್ಕಳಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೂ ಅದೇ ಒಂದು ಗ್ರಂಥಾಲಯ. ಸದ್ಯಕ್ಕೆ ಹಳೆಯ ಸಂಚಿಕೆ ಬೇಕೆಂದರೆ ಚಂದನದ ಯೂಟ್ಯೂಬ್ ಚಾನೆಲ್‌ನಲ್ಲಿ ಹುಡುಕುವುದೇ ವಾಸಿ. ಸರ್ಕಾರಿ ಪ್ರಸಾರ ಸಂಸ್ಥೆಯ ಸರಕನ್ನು ಅದರದೇ ಆ್ಯಪ್‌ಗಿಂತ ಖಾಸಗಿ ಕಂಪನಿಯ ಆ್ಯಪ್‌ನಲ್ಲಿ ಹುಡುಕುವುದು ಸುಲಭವಾಗಿರಬಾರದು. ಇಷ್ಟಾದರೂ ಸ್ಟಿಕ್‌ನಲ್ಲಿ ವೇವ್ಸ್ ಇರಲಿ ಎನ್ನುತ್ತೇನೆ. ನೋಡುವವರು ಇದ್ದರೆ ತಾನೆ ಕೇಳುವುದಕ್ಕೆ ಬಲ ಬರುವುದು?

ಕಳ್ಳಮಾಲಿನ ಮಾತು ಬಿಟ್ಟು ಮುಂದೆ ಹೋಗುವಂತಿಲ್ಲ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೊಗ್ರಾಫ್ ಕಾಯ್ದೆ ಸಿನಿಮಾ ಕದ್ದು ಚಿತ್ರಿಸುವವರಿಗೂ ಹಂಚುವವರಿಗೂ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ವಿಧಿಸುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ತಟ್ಟುವ ಅಪಾಯ ಬೇರೆಯದು. ‘ಎಲ್ಲ ಚಾನೆಲ್ ಜೀವನಪೂರ್ತಿ ಫ್ರೀ’ ಎಂದು ಮಾರುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಬ್ಯಾಡ್‌ಬಾಕ್ಸ್ 2.0 ಎಂಬ ಕುತಂತ್ರಾಂಶ ಸೇರಿಕೊಂಡಿರುವ ಬಗ್ಗೆ 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಸಿತು. ಮರು ತಿಂಗಳು ಅದನ್ನು ನಡೆಸುತ್ತಿದ್ದವರ ಮೇಲೆ ಮೊಕದ್ದಮೆ ಹೂಡಿದ ಗೂಗಲ್, ಒಂದು ಕೋಟಿಗೂ ಹೆಚ್ಚು ಉಪಕರಣಗಳಿಗೆ ಸೋಂಕು ತಗುಲಿದೆ ಎಂದಿತು. ಸೋಂಕಿತ ಬಾಕ್ಸ್ ನಿಮ್ಮ ಮನೆಯ ಇಂಟರ್ನೆಟ್ ವಿಳಾಸವನ್ನು ವಂಚಕರಿಗೆ ಮುಖವಾಡವಾಗಿ ಕೊಡಬಲ್ಲದು. ಅದೇ ವೈಫೈನಲ್ಲಿ ಅಪ್ಪನ ಪಿಂಚಣಿ ಖಾತೆಯ ಫೋನೂ ಇರುತ್ತದೆ. ಸ್ಟಿಕ್‌ನ ಅಧಿಕೃತ ಆ್ಯಪ್ ಸ್ಟೋರ್‌ನಲ್ಲಿ ಇಲ್ಲದ್ದನ್ನು ಹಾಕಿಸಿಕೊಳ್ಳಬೇಡಿ ಎಂದು ಹೇಳಲು ಈ ಕಾರಣವೊಂದೇ ಸಾಕು.

ಜಾಹೀರಾತನ್ನೂ ಹೊಸ ಗಿರಾಕಿಯ ಆಸೆಯನ್ನೂ ನೆಚ್ಚದ ಪುಕ್ಕಟೆಯ ದಾರಿ ಇನ್ನೊಂದಿದೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಕೆಲವರಾದರೂ ಕ್ಯಾನೊಪಿ ಬಲ್ಲವರೇ. ಊರಿನ ಗ್ರಂಥಾಲಯದ ಕಾರ್ಡ್ ಇದ್ದರೆ ಟಿವಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಜಾಹೀರಾತಿಲ್ಲದೆ ನೋಡಬಹುದು. ಹಣ ಕೊಡುವುದು ಗ್ರಂಥಾಲಯ. ನೋಟಕ್ಕೆ ಇಷ್ಟು ಎಂದು ಕೊಡಬೇಕಾದ್ದರಿಂದ ವೆಚ್ಚ ಏರಿ, 2019ರಲ್ಲಿ ನ್ಯೂಯಾರ್ಕ್ ನಗರದ ಗ್ರಂಥಾಲಯಗಳು ಇದನ್ನು ಕೈಬಿಟ್ಟವು. ಒಪ್ಪಂದದ ಬಗೆ ಬದಲಿಸಿಕೊಳ್ಳಬೇಕು ಎಂಬ ಪಾಠ ಅದರಲ್ಲಿದೆ, ಕಲ್ಪನೆಯೇ ತಪ್ಪೆಂಬ ತೀರ್ಪಿಲ್ಲ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಆ್ಯಪ್ 2020ರಿಂದ ಇದೆ. ಅದರಲ್ಲಿ ಪುಸ್ತಕದ ಪಕ್ಕಕ್ಕೆ ಸಿನಿಮಾ ಯಾಕೆ ಬರಬಾರದು?

ಹಕ್ಕಿನ ತೊಡಕೂ ದಿನದಿನಕ್ಕೆ ಸಡಿಲವಾಗುತ್ತಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಸಿನಿಮಾಕ್ಕೆ ಕೊಟ್ಟಿರುವ ರಕ್ಷಣೆ ಬಿಡುಗಡೆಯ ಮರುವರ್ಷದಿಂದ ಎಣಿಸಿ 60 ವರ್ಷ. ರಾಜಕುಮಾರ್ ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ಕ್ಕೇ ಮುಗಿದಿದೆ. ಎನ್. ಲಕ್ಷ್ಮೀನಾರಾಯಣ ಅವರ ‘ನಾಂದಿ’ 1964ರದ್ದು, ಅದರದ್ದು 2024ರ ಕೊನೆಗೆ ಮುಗಿಯಿತು. ಹಾಡು, ಸಂಗೀತ, ಕಥೆಗಳ ಹಕ್ಕು ಬೇರೆಯಾಗಿ ಉಳಿದಿರಬಹುದಾದ್ದರಿಂದ ಅವರವರ ವಾರಸುದಾರರೊಂದಿಗೆ ಮಾತಾಡಬೇಕಾಗುತ್ತದೆ. ಆ ಮಾತುಕತೆ ಮನೆಯ ಟಿವಿ ಮುಂದೆ ಕೂತವರ ಕೆಲಸವಲ್ಲ, ಸರ್ಕಾರದ್ದು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿಯದ ನಾಡು ನಮ್ಮದು. ಕಾಯುವುದಕ್ಕೆ ಹೆಚ್ಚು ಹೊತ್ತಿಲ್ಲ.

ಕೇರಳ 2024ರ ಮಾರ್ಚ್‌ನಲ್ಲಿ ಸಿಸ್ಪೇಸ್ ಎಂಬ ಸರ್ಕಾರಿ ಒಟಿಟಿ ತೆರೆಯಿತು. ಅಲ್ಲಿ ಚಿತ್ರಕ್ಕೆ ಇಷ್ಟೆಂದು ಕೊಟ್ಟು ನೋಡುವ ಕ್ರಮ. ಕರ್ನಾಟಕ ಸರ್ಕಾರವೂ 2025-26ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗಾಗಿ ಒಟಿಟಿ ವೇದಿಕೆ ರೂಪಿಸುವುದಾಗಿಯೂ, ನಾಡಿನ ಬದುಕನ್ನು ಬಿಂಬಿಸುವ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಕೊಡುವುದಾಗಿಯೂ ಹೇಳಿದೆ. ಹೊಸ ಚಿತ್ರಕ್ಕೆ ಬೆಲೆ ಇಡಲಿ, ನಿರ್ಮಾಪಕರಿಗೆ ಪಾಲು ಹೋಗಲಿ. ಹಕ್ಕಿನ ಅವಧಿ ಮುಗಿದವು ಮಾತ್ರ ಪೂರ್ತಿ ಅಗಲದಲ್ಲಿ, ಟೈಟಲ್ ಕಾರ್ಡ್ ಸಮೇತ, ಕಿವಿ ಕೇಳದವರಿಗೆ ಕನ್ನಡದಲ್ಲೇ ಅಡಿಬರಹ ಹಾಕಿ, ಕನ್ನಡ ಅಕ್ಷರದಲ್ಲಿ ಹುಡುಕಿದರೆ ಸಿಗುವ ಹಾಗೆ, ಎಲ್ಲರಿಗೂ ಪುಕ್ಕಟೆಯಾಗಿ ಬರಬೇಕು. ಶುರು ಮಾಡುವುದಾದರೆ ‘ನಾಂದಿ’ಯಿಂದ ಮಾಡಬಹುದು.